ಜೆರ್ಕ್ ಮಸಾಲೆ: ಮೀನು ಕಲಸಿಹೋಯ್ತು, ಹಂದಿ ಸೀದೋಯ್ತು, ಕೋಳಿಗೆ ಘಮವೇ ಇಲ್ಲ. ಎಲ್ಲಿ ತಪ್ತಾ ಇದೀನಿ?

ಬಾಲ್ಕನಿಒಲೆ

ಎಲ್ರಿಗೂ ನಮಸ್ಕಾರ. ಕೆಲಸದ ಮೇಲೆ ಜಮೈಕಾಗೆ ಬಂದು ಎಂಟು ತಿಂಗಳಾಯ್ತು, ಕಿಂಗ್‌ಸ್ಟನ್‌ನಲ್ಲಿ ಫ್ಲಾಟ್ ಮಾಡ್ಕೊಂಡಿದೀವಿ, ನಾನು ಮತ್ತೆ ಹೆಂಡ್ತಿ. ಇಲ್ಲಿ ಶುಕ್ರವಾರ ಸಂಜೆ ಆಯ್ತು ಅಂದ್ರೆ ರೆಡ್ ಹಿಲ್ಸ್ ರೋಡಲ್ಲಿ ಎಣ್ಣೆ ಡ್ರಮ್ಮನ್ನ ಉದ್ದುದ್ದಕ್ಕೆ ಸೀಳಿ ಮಾಡಿದ ಒಲೆಗಳ ಮೇಲೆ ಕೋಳಿ ಸುಡ್ತಾ ಇರ್ತಾರೆ, ಕಾರಿನ ಗಾಜು ಏರಿಸಿದ್ರೂ ಹೊಗೆ ಒಳಗೆ ಬಂದೇ ಬರುತ್ತೆ, ಹೊಟ್ಟೆ ತುಂಬಿದ್ರೂ ಗಾಡಿ ತಾನಾಗೇ ನಿಲ್ಲುತ್ತೆ. ಎರಡು ನ್ಯಾನಿ ಕೊಟ್ಟು ತಗೊಂಡು ಬಂದು ತಿಂದಿದ್ದೂ ಆಯ್ತು. (ನ್ಯಾನಿ ಅಂದ್ರೆ ಇಲ್ಲಿಯ 500 ಡಾಲರ್ ನೋಟು, ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಕಾಡು ಸೇರಿದ ಮರೂನರ ನಾಯಕಿ ನ್ಯಾನಿ ಚಿತ್ರ ಇರೋದ್ರಿಂದ ಎಲ್ರೂ ಹಂಗೇ ಅನ್ನೋದು.) ಸರಿ, ಮನೇಲೇ ಮಾಡೋಣ ಅಂತ ಜೆರ್ಕ್ ಮಸಾಲೆ (ಜೆರ್ಕ್ ಅಂದ್ರೆ ಖಾರದ ಮಸಾಲೆ ಹಚ್ಚಿ ಹೊಗೆಯಲ್ಲಿ ಸುಡೋ ಇಲ್ಲಿಯ ಅಡುಗೆ) ಬಾಟ್ಲಿ ತಂದೆ, ಹಸಿ ಮಸಾಲೆ, ಪೇಸ್ಟ್ ಥರ ಇರುತ್ತಲ್ಲ ಅದು.

ಮೂರು ಸಲ ಮಾಡಿದೆ, ಮೂರು ಸಲವೂ ಸೋತೆ. ಮೊದಲ್ನೇದು ಸ್ನ್ಯಾಪರ್ ಮೀನು, ಇಡೀದು. ಮಸಾಲೆ ಧಾರಾಳವಾಗಿ ಹಚ್ಚಿ ಮೇಲಿಂದ ಎರಡು ನಿಂಬೆಹಣ್ಣು ಹಿಂಡಿ ಫ್ರಿಜ್ಜಲ್ಲಿ ರಾತ್ರಿಯೆಲ್ಲ ಇಟ್ಟೆ, ಬೆಳಿಗ್ಗೆ ತೆಗೆದು ನೋಡಿದ್ರೆ ಒಲೆ ಹತ್ತಿಸೋಕೆ ಮುಂಚೇನೇ ಬೆಂದಂಗೆ ಬೆಳ್ಳಗಾಗಿತ್ತು, ಬಾಣಲೆಗೆ ಹಾಕಿ ತಿರುವೋಕೆ ಹೋದ್ರೆ ಚೂರುಚೂರು, ಬಾಯಿಗಿಟ್ರೆ ಉಪ್ಪುಪ್ಪು. ಎರಡ್ನೇದು ಪೋರ್ಕ್ ಚಾಪ್ಸ್, ಬಾಲ್ಕನಿಯಲ್ಲಿ ಗ್ರಿಲ್ಲು ಜೋರಾಗಿ ಉರಿಸಿ ಹಾಕಿದೆ, ಹತ್ತು ನಿಮಿಷಕ್ಕೆ ಮೇಲೆಲ್ಲ ಕಪ್ಪಗೆ ಕಹಿ, ಕತ್ತರಿಸಿದ್ರೆ ಒಳಗೆ ಗುಲಾಬಿ ಬಣ್ಣ. ಮೂರನೇದು ಕೋಳಿ ಕಾಲು, ಓವನ್ನಲ್ಲಿ. ಇದು ತಿನ್ನೋ ಥರ ಆಯ್ತು, ಸುಳ್ಳು ಹೇಳಲ್ಲ, ಆದ್ರೆ ಅದು ಖಾರ ಹಾಕಿ ಬೇಯಿಸಿದ ಕೋಳಿ ಅಷ್ಟೇ, ರಸ್ತೇಲಿ ಬರೋ ಘಮದ ಸುಳಿವೇ ಇಲ್ಲ. ಹೆಂಡ್ತಿ ಏನೂ ಅನ್ಲಿಲ್ಲ, ಸುಮ್ನೆ ಫ್ರಿಜ್ಜಿಂದ ಮೊಸರು ತಂದು ಪಕ್ಕಕ್ಕಿಟ್ಕೊಂಡ್ಳು, ಅದೇ ಬೇಜಾರು.

ಈಗ ನನ್ನ ಪ್ರಶ್ನೆ. ಒಂದೇ ಬಾಟ್ಲಿ ಮಸಾಲೆ, ಮೀನಿಗೆ ಒಂಥರ ಕೆಡುತ್ತೆ ಮಾಂಸಕ್ಕೆ ಇನ್ನೊಂಥರ ಕೆಡುತ್ತೆ, ಯಾಕೆ? ಎಷ್ಟು ಹೊತ್ತು ನೆನೆಸಬೇಕು? ಆ ಕಟ್ಟಿಗೆ ಇಲ್ದೆ ಆ ಘಮ ಬರೋದೇ ಇಲ್ವಾ? ಮುಂದಿನ ತಿಂಗಳು ಆಫೀಸಿನ ನಾಲ್ಕು ಜನ ಊಟಕ್ಕೆ ಬರ್ತಾರೆ, ಎಲ್ಲರೂ ಇಲ್ಲಿಯವರೇ, ಅವರ ಊರಿನ ಅಡುಗೆ ಅವರಿಗೇ ಬಡಿಸೋಕೆ ಹೊರಟಿದೀನಿ, ಮಾನ ಉಳಿಸಿ.

ಪೋರ್ಟ್‌ಲ್ಯಾಂಡ್_ಮಳೆ

ಸರ್, ನಾನು ಜಮೈಕಾದ ಪೋರ್ಟ್‌ಲ್ಯಾಂಡ್ ಕಡೆಯ ಪೋರ್ಟ್ ಆಂಟೋನಿಯೋದಲ್ಲಿ ಹನ್ನೊಂದು ವರ್ಷ ಪಾಠ ಮಾಡ್ದವನು, ಅದಕ್ಕೇ ಸ್ವಲ್ಪ ನೇರವಾಗಿ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀವು ಮೂರು ಸಲ ಮಾಡಿದ್ರಲ್ಲ, ಅದ್ಯಾವುದೂ ಜೆರ್ಕ್ ಅಲ್ಲ, ಜೆರ್ಕ್ ಮಸಾಲೆ ಹಚ್ಚಿದ ಅಡುಗೆ. ಬಾಟ್ಲಿಯಲ್ಲಿ ಬರೋದು ಅರ್ಧ, ಇನ್ನರ್ಧ ಬೆಂಕೀಲಿ ಇದೆ.

ಪೋರ್ಟ್ ಆಂಟೋನಿಯೋದಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದ್ರೆ ಬಾಸ್ಟನ್ ಬೇ ಅಂತ ಸಿಗುತ್ತೆ, ಜೆರ್ಕಿನ ತವರು ಅಂತ ಎಲ್ರೂ ಒಪ್ಪೋ ಜಾಗ. ಒಂದ್ಸಲ ಹೋಗಿ, ತಿನ್ನೋಕೆ ಮುಂಚೆ ಹತ್ತು ನಿಮಿಷ ಒಲೆ ಹತ್ರ ನಿಂತ್ಕೊಳ್ಳಿ. ಕೆಳಗೆ ಕೆಂಡ, ಜ್ವಾಲೆ ಇರಲ್ಲ, ಬೂದಿ ಮುಚ್ಚಿದ ಕೆಂಡ. ಅದರ ಮೇಲೆ ಮಣಿಕಟ್ಟು ದಪ್ಪದ ಪಿಮೆಂಟೊ ಮರದ ಹಸಿ ಕೊಂಬೆಗಳನ್ನ ಒತ್ತೊತ್ತಾಗಿ ಜೋಡಿಸಿರ್ತಾರೆ, ಕಬ್ಬಿಣದ ಜಾಲರಿಗೆ ಬದಲು ಆ ಕೊಂಬೆಗಳೇ ಜಾಲರಿ. ಮಾಂಸ ನೇರ ಕೊಂಬೆ ಮೇಲೆ. ಅದರ ಮೇಲೆ ಮನೆ ಮಾಡಿಗೆ ಹೊದಿಸ್ತಾರಲ್ಲ ಆ ಸತುವಿನ ತಗಡು ಮುಚ್ಚಿಬಿಡ್ತಾರೆ. ಹಸಿ ಮರ ಆದ್ರಿಂದ ಕೊಂಬೆ ತುದೀಲಿ ರಸ ಚುರ್ರ್ ಅಂತ ನೊರೆ ಬರ್ತಾ ಇರುತ್ತೆ, ಆ ಹಬೆ ಆ ಹೊಗೆ ಎರಡೂ ತಗಡಿನ ಕೆಳಗೇ ಸುತ್ತುತ್ತೆ. ಗಂಟೆಗಟ್ಲೆ. ಅಮೇಲೆ ತೆಗೆದು ಮರದ ದಿಮ್ಮಿ ಮೇಲಿಟ್ಟು ಕತ್ತಿಲಿ ಟಕ ಟಕ ಕೊಚ್ಚಿ ಕಾಗದದಲ್ಲಿ ಸುತ್ತಿ ಕೊಡ್ತಾರೆ. ನಿಮಗೆ ಕಾರಿನ ಗಾಜು ದಾಟಿ ಬಂತು ಅಂದ್ರಲ್ಲ, ಬಾಸ್ಟನ್ ಬೇ ಹೊಗೆ ಶರ್ಟು ಎರಡು ಸಲ ಒಗೆದ್ರೂ ಹೋಗಲ್ಲ.

ಪಿಮೆಂಟೊ ಅಂದ್ರೆ ನಾವು ಆಲ್‌ಸ್ಪೈಸ್ ಅಂತೀವಲ್ಲ ಅದೇ ಮರ. ಕಾಳು ಮಸಾಲೆಗೆ, ಎಲೆ ಕೆಂಡಕ್ಕೆ, ಕೊಂಬೆ ಒಲೆಗೆ. ಲವಂಗಕ್ಕೆ ಘಮ ಕೊಡೋ ಯೂಜಿನಾಲ್ ಇದರ ಕಾಳಲ್ಲೂ ಎಲೇಲೂ ಇದೆ, ಅದಕ್ಕೇ ಆ ಹೊಗೆಗೆ ಲವಂಗದ ಛಾಯೆ. ಅಂದ್ಹಾಗೆ ಆ ಹೆಸರಿನ ಹಿಂದೆ ಒಂದು ಎಡವಟ್ಟಿದೆ. ಸ್ಪೇನ್‌ನವರು ಒಣಗಿದ ಕಾಳು ನೋಡಿ ಕಾಳುಮೆಣಸೇ ಸಿಕ್ತು ಅಂತ ಪಿಮಿಯೆಂತಾ ಅಂದ್ರು, ಅಂದ್ರೆ ಅವರ ಭಾಷೇಲಿ ಮೆಣಸು, ತಪ್ಪು ಹೆಸರು ಅವತ್ತಿಂದ ಅಂಟ್ಕೊಂಡೇ ಬಂತು.

ಇದರ ಹಿಂದೆ ಇರೋರು ಮರೂನರು. 1655ರಲ್ಲಿ ಇಂಗ್ಲಿಷರು ಸ್ಪೇನ್‌ನವರಿಂದ ಈ ದ್ವೀಪ ಕಿತ್ಕೊಂಡಾಗ ಗುಲಾಮರಾಗಿದ್ದ ಆಫ್ರಿಕನ್ನರು ಎಷ್ಟೋ ಜನ ಬ್ಲೂ ಮೌಂಟನ್ಸ್ ಕಡೆ, ಕಾಕ್‌ಪಿಟ್ ಕಂಟ್ರಿ ಕಡೆ ಕಾಡು ಸೇರ್ಕೊಂಡ್ರು. ಅಲ್ಲಿ ಸಿಕ್ತಾ ಇದ್ದಿದ್ದು ಕಾಡುಹಂದಿ. ಹೊಡೆದ ಹಂದಿ ಕೆಡಬಾರ್ದು, ಹೊತ್ಕೊಂಡು ಓಡೋಕೂ ಬೇಕು, ಅದಕ್ಕೆ ಉಪ್ಪು, ಮೆಣಸಿನಕಾಯಿ, ಪಿಮೆಂಟೊ ಹಾಕಿ ನಿಧಾನಕ್ಕೆ ಹೊಗೆಯಲ್ಲಿ ಬೇಯಿಸಿ ಇಡ್ತಾ ಇದ್ರು. ಹೊಗೆ ಮೇಲೆದ್ರೆ ಸೈನಿಕರಿಗೆ ಜಾಗ ಗೊತ್ತಾಗುತ್ತೆ ಅಂತ ಗುಂಡಿ ತೋಡಿ ಮುಚ್ಚಿ ಸುಡ್ತಿದ್ರು ಅಂತ ಮರೂನರ ಊರಾದ ಮೂರ್ ಟೌನ್ ಕಡೆಯೋರು ಹೇಳ್ತಾರೆ. 1739ರಲ್ಲಿ ಬ್ರಿಟಿಷರೇ ಸೋತು ಸುಣ್ಣ ಆಗಿ ಅವರ ಜೊತೆ ಒಪ್ಪಂದ ಮಾಡ್ಕೊಂಡ್ರು. ನಿಮ್ಮ ಎರಡು ನ್ಯಾನಿ ಆ ಕೋಳಿಗೆ ಸರಿಯಾದ ಬೆಲೆನೇ ಬಿಡಿ.

ಒಟ್ಟಿನಲ್ಲಿ ಹಂದಿ ಮೊದಲು, ಕೋಳಿ ಆಮೇಲೆ ಬಂದಿದ್ದು, ಮೀನು ಅದಕ್ಕೂ ಆಮೇಲೆ. ಬಾಲ್ಕನೀಲಿ ಪಿಮೆಂಟೊ ಕಟ್ಟಿಗೆ ಹಾಕೋಕಾಗಲ್ಲ ಅಂದ್ರೆ ನಾನಂತೂ ಬಸ್ಸು ಹತ್ತಿ ಪೋರ್ಟ್‌ಲ್ಯಾಂಡಿಗೆ ಬನ್ನಿ ಅಂತೀನಿ.

ಹಡಗಿನಭಟ್ಟ

ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ನಾಲ್ಕು ಜನ ಊಟಕ್ಕೆ ಬರ್ತಾರೆ ಅಂದವರಿಗೆ ಬಸ್ಸು ಹತ್ತು ಅನ್ನೋದು ಉತ್ತರ ಅಲ್ಲ 😄 ನಾನು ಕ್ರೂಸ್ ಹಡಗಿನ ಅಡುಗೆಮನೇಲಿ ಒಂಬತ್ತು ವರ್ಷ ಇದ್ದೆ, ನಮ್ಮ ಹಡಗು ಜಮೈಕಾದ ಓಚೋ ರಿಯೋಸ್‌ಗೆ, ಫಾಲ್ಮೌತ್‌ಗೆ ಹೋಗಿ ನಿಲ್ತಿತ್ತು, ನಮ್ಮ ಕಿಚನ್ನಲ್ಲಿ ನನ್ನ ಮೇಲಿದ್ದವರು ಅಲ್ಲೇ ಸೇಂಟ್ ಆನ್ ಕಡೆಯವರು, ಅವರು ಬೈದು ಬೈದು ಕಲಿಸಿದ್ದು ಇದು. ಹಡಗಲ್ಲಿ ಸೌದೆ ಎಲ್ಲಿಂದ ತರೋದು, ಓವನ್ನೇ ಗತಿ.

ಬಾಟ್ಲಿ ಮಸಾಲೆ ಕೆಟ್ಟದ್ದಲ್ಲ, ವಾಕರ್ಸ್‌ವುಡ್ ಆಗ್ಲಿ ಗ್ರೇಸ್ ಆಗ್ಲಿ ಜಮೈಕಾದವರ ಮನೇಲೂ ಇರುತ್ತೆ. ಆದ್ರೆ ಅದು ಬಾಟ್ಲೀಲಿ ಕೆಡಬಾರ್ದು ಅಂತ ಉಪ್ಪು ಜಾಸ್ತಿ ಇರುತ್ತೆ, ಹುಳಿ ಇರುತ್ತೆ. ಅದನ್ನ ಮನೇಲಿ ಅರೆದ ಮಸಾಲೆ ಥರ ಕೈತುಂಬ ಬಳಿದ್ರೆ ಉಪ್ಪಿನಕಾಯಿ ಆಗುತ್ತೆ. ಒಂದು ಕೆಜಿ ಮಾಂಸಕ್ಕೆ ಎರಡು ಟೇಬಲ್ ಸ್ಪೂನ್ ಸಾಕು, ಬೇರೆ ಉಪ್ಪು ಹಾಕ್ಲೇಬೇಡಿ, ಬೇಕಿದ್ರೆ ಹಸಿ ಈರುಳ್ಳಿ ಸೊಪ್ಪು, ಥೈಮು ಅನ್ನೋ ಘಮದ ಸೊಪ್ಪು ಅರೆದು ಸೇರಿಸಿ ಜೀವ ಬರುತ್ತೆ. ನಾಲ್ಕು ಜನಕ್ಕೆ ಅಂದ್ರೆ ನಾನಾದ್ರೆ ಮನೇಲೇ ಅರೆಯೋದು. ಒಂದೂವರೆ ಕೆಜಿ ಕೋಳಿಗೆ ಲೆಕ್ಕ ಹೇಳ್ತೀನಿ ಬರ್ಕೊಳ್ಳಿ: ಬುಡ ಸಮೇತ ಈರುಳ್ಳಿ ಸೊಪ್ಪು ಆರು ಕಡ್ಡಿ, ಸ್ಕಾಚ್ ಬಾನೆಟ್ (ತುಂಬ ಖಾರದ ಗುಂಡು ಮೆಣಸಿನಕಾಯಿ) ಎರಡು, ಬೆಳ್ಳುಳ್ಳಿ ಐದಾರು ಎಸಳು, ಶುಂಠಿ ಹೆಬ್ಬೆಟ್ಟಿನಷ್ಟು, ಥೈಮ್ ಹತ್ತು ಕಡ್ಡಿಯಿಂದ ಎಲೆ ಮಾತ್ರ ಎಳೆದು, ಪಿಮೆಂಟೊ ಪುಡಿ ಒಂದೂವರೆ ಟೇಬಲ್ ಸ್ಪೂನ್, ಕಾಳುಮೆಣಸು ಒಂದು ಟೀ ಸ್ಪೂನ್, ಜಾಯಿಕಾಯಿ ಚಕ್ಕೆ ಅರ್ಧರ್ಧ ಟೀ ಸ್ಪೂನ್, ಬ್ರೌನ್ ಶುಗರ್ ಒಂದು ಟೇಬಲ್ ಸ್ಪೂನ್, ಸೋಯಾ ಸಾಸ್ ಎರಡು, ಎಣ್ಣೆ ಎರಡು, ಒಂದು ನಿಂಬೆ ರಸ, ಉಪ್ಪು ಎರಡು ಟೀ ಸ್ಪೂನ್. ಪಿಮೆಂಟೊ ಮಾತ್ರ ಪುಡಿ ತರಬೇಡಿ, ಕಾಳು ತಂದು ಬಿಸಿ ಬಾಣಲೇಲಿ ಒಂದು ನಿಮಿಷ ಆಡಿಸಿ ಕುಟ್ಟಿ, ಹಳೇ ಪುಡಿಗೂ ಇದಕ್ಕೂ ಅಜಗಜಾಂತರ. ತೀರಾ ನುಣ್ಣಗೆ ಅರೆಯಬೇಡಿ, ತರಿತರಿ ಇರಲಿ. ಸಕ್ಕರೆ ಹಾಕ್ಬೇಡ ಅನ್ನೋರೂ ಇದಾರೆ, ಸೋಯಾ ಬೇಡ ಅನ್ನೋರೂ ಇದಾರೆ, ಮನೆಗೊಂದು ಲೆಕ್ಕ, ಜಗಳ ಬೇಡ. ಪಿಮೆಂಟೊ, ಸ್ಕಾಚ್ ಬಾನೆಟ್, ಥೈಮ್, ಈರುಳ್ಳಿ ಸೊಪ್ಪು ಈ ನಾಲ್ಕರಲ್ಲಿ ಒಂದು ಬಿಟ್ರೂ ನಮ್ಮ ಬಾಸು ತಟ್ಟೆ ವಾಪಸ್ ತಳ್ಳೋರು.

ಈಗ ನಿಮ್ಮ ಚಾಪ್ಸ್ ಯಾಕೆ ಸೀದೋಯ್ತು. ಮಸಾಲೇಲಿ ಸಕ್ಕರೆ ಇದೆ, ಬೆಳ್ಳುಳ್ಳಿ ಇದೆ, ಸೊಪ್ಪಿದೆ, ಇವೆಲ್ಲ ಜೋರು ಉರಿಗೆ ಎರಡು ಮೂರು ನಿಮಿಷಕ್ಕೆ ಕಪ್ಪಾಗೋ ಸಾಮಾನು, ಮಾಂಸ ಬೇಯೋಕೆ ಇಪ್ಪತ್ತು ನಿಮಿಷ ಬೇಕು, ಎರಡಕ್ಕೂ ಒಂದೇ ಉರಿ ಕೊಟ್ರೆ ಇನ್ನೇನಾಗುತ್ತೆ. ಗ್ರಿಲ್ಲಲ್ಲಿ ಒಂದೇ ಕಡೆ ಬೆಂಕಿ ಇಟ್ಟು ಇನ್ನೊಂದು ಕಡೆ ಮಾಂಸ ಇಟ್ಟು ಮುಚ್ಚಿ, ಕೊನೇಲಿ ಮಾತ್ರ ಬೆಂಕಿ ಮೇಲೆ ಎಳೆದು ಎರಡೂ ಮಗ್ಗುಲು ಕೆಂಪು ಮಾಡಿ. ಗ್ರಿಲ್ಲಿಗೆ ಹಾಕೋಕೆ ಮುಂಚೆ ಮೇಲೆ ಮೆತ್ಕೊಂಡಿರೋ ತರಿಯೆಲ್ಲ ಬೆರಳಲ್ಲಿ ಸವರಿ ತೆಗೀರಿ, ಅದು ಒಳಗೆ ಹೋಗಬೇಕಾದಷ್ಟು ಹೋಗಿರುತ್ತೆ, ಮೇಲಿರೋದು ಸೀಯೋಕೆ ಅಷ್ಟೇ.

ಇನ್ನೊಂದು ವಿಷ್ಯ, ಚಾಪ್ಸ್ ಬಿಡಿ, ಹಂದಿಯ ಹೆಗಲಿನ ಮಾಂಸ ತಗೊಳ್ಳಿ, ಕೊಬ್ಬು ಇರೋದು. ಚೂರಿ ತುದೀಲಿ ಅಲ್ಲಲ್ಲಿ ಚುಚ್ಚಿ ಆ ತೂತಿಗೆ ಮಸಾಲೆ ತುರುಕಿ, ಅಲ್ಲಿಯವರು ಇದಕ್ಕೆ ಜೂಕ್ ಮಾಡೋದು ಅಂತಾರೆ. ಮಸಾಲೆ ಎಷ್ಟು ದಿನ ನೆನೆಸಿದ್ರೂ ಮಾಂಸದೊಳಗೆ ದೂರ ಹೋಗಲ್ಲ, ಉಪ್ಪೊಂದೇ ಒಳಗಿಳಿಯೋದು, ಅದಕ್ಕೇ ಚುಚ್ಚೋದು. ಹಂದಿಗೆ ಒಂದು ರಾತ್ರಿ, ಎರಡು ದಿನ ಇಟ್ರೂ ಪರವಾಗಿಲ್ಲ. ಕೋಳಿಗೆ ನಾಲ್ಕು ಗಂಟೆಯಿಂದ ಒಂದು ರಾತ್ರಿ. ಹೆಗಲಿನ ತುಂಡನ್ನ ಓವನ್ನಲ್ಲಿ 150 ಡಿಗ್ರಿಗೆ ಮುಚ್ಚಿ ಮೂರು ಗಂಟೆ ಮೇಲೇ ಬಿಡಿ, ಒಳಗೆ 90 ಡಿಗ್ರಿ ಮುಟ್ಟಿದಾಗ ಫೋರ್ಕು ಬೆಣ್ಣೆಗೆ ಹೋದಂಗೆ ಹೋಗುತ್ತೆ. ಕೋಳಿಗೆ ಒಳಗೆ ಕಡಿಮೆ ಅಂದ್ರೂ 74, ಕಾಲು ತೊಡೆ ಆದ್ರೆ 80 ಆದ್ರೇನೇ ರುಚಿ. ಥರ್ಮಾಮೀಟರ್ ಒಂದು ತಗೊಳ್ಳಿ ಸರ್, ಕತ್ತರಿಸಿ ಬಣ್ಣ ನೋಡೋ ಕೆಲಸ ಬಿಡಿ.

ಘಮದ ಬಗ್ಗೆ: ನಿಮ್ಮದು ಇದ್ದಿಲಿನ ಗ್ರಿಲ್ಲಾದ್ರೆ ಪಿಮೆಂಟೊ ಕಾಳು ಒಂದು ಕಪ್ಪು, ಎಲೆ ಸಿಕ್ರೆ ಒಂದು ಹಿಡಿ, ಅರ್ಧ ಗಂಟೆ ನೀರಲ್ಲಿ ನೆನೆಸಿ ಫಾಯಿಲಲ್ಲಿ ಪೊಟ್ಟಣ ಕಟ್ಟಿ ಮೇಲೆ ನಾಲ್ಕು ತೂತು ಮಾಡಿ ಕೆಂಡದ ಮೇಲಿಡಿ, ಮಾಂಸ ದೂರದಲ್ಲಿರಲಿ, ಮುಚ್ಚಳ ಹಾಕಿ. ಬಾಸ್ಟನ್ ಬೇ ಆಗಲ್ಲ, ಅದರ ಚಿಕ್ಕಪ್ಪನ ಮಗ ಆಗುತ್ತೆ. ಫ್ಲಾಟಿನ ಒಳಗೆ ಮಾತ್ರ ಇದ್ದಿಲು ಹಚ್ಚಬೇಡಿ, ಕಿಟಕಿ ತೆಗೆದಿದ್ರೂ ಬೇಡ, ಅದರಿಂದ ಬರೋ ವಿಷದ ಗಾಳಿ ಸದ್ದಿಲ್ದೆ ಕೊಲ್ಲುತ್ತೆ.

ಮೀನಿನ ಬಗ್ಗೆ ನನಗೆ ಅಷ್ಟಾಗಿ ಗೊತ್ತಿಲ್ಲ, ನಮ್ಮ ಹಡಗಲ್ಲಿ ಎಲ್ಲ ಮೀನೂ ಫಿಲೆಟ್, ಅಂದ್ರೆ ಮುಳ್ಳು ತೆಗೆದ ತುಂಡು ಆಗೇ ಬರ್ತಿತ್ತು.

ಮೀನಿನಮುಳ್ಳು

ಮೀನು ಅಂದಿದ್ಕೆ ಬಂದೆ. ನಾನು ಮಾಂಟೆಗೋ ಬೇ ಹತ್ರ ಇದ್ದೆ, ಗಂಡನ ಕೆಲಸ ಹೋಟೆಲ್ ಒಂದರಲ್ಲಿ, ನಾನು ದಿನಾ ಬೆಳಿಗ್ಗೆ ದೋಣಿ ಬರೋ ಹೊತ್ತಿಗೆ ಬುಟ್ಟಿ ಹಿಡ್ಕೊಂಡು ನಿಲ್ಲೋದೇ ಕೆಲಸ.

ಬಾಲ್ಕನಿಒಲೆ ಅವರೇ, ನಿಮ್ಮ ಸ್ನ್ಯಾಪರ್‌ನ ಕೊಂದಿದ್ದು ಮಸಾಲೆ ಅಲ್ಲ, ನಿಂಬೆಹಣ್ಣು. ಮೀನಿನ ಮಾಂಸ ತುಂಬ ಮೆದು, ಹುಳಿ ಬಿದ್ರೆ ಬೆಂಕಿ ಇಲ್ದೇನೇ ಬೇಯುತ್ತೆ, ನೀವು ನೋಡಿದ್ರಲ್ಲ ಬೆಳ್ಳಗಾಗಿದ್ದು, ಅದೇ. ಅರ್ಧ ಗಂಟೇಲಿ ಶುರುವಾಗೋ ಕೆಲಸ ಇಡೀ ರಾತ್ರಿ ನಡೀತು ಅಂದ್ರೆ ಬಾಣಲೆಗೆ ಬೀಳೋಕೆ ಮುಂಚೆ ಅದರ ಕಥೆ ಮುಗಿದಿತ್ತು. ಮೀನಿಗೆ ಜೆರ್ಕ್ ಮಸಾಲೆ 20 ನಿಮಿಷ, ತುಂಬ ಅಂದ್ರೆ 30. ದಪ್ಪ ಮೀನಾದ್ರೆ ಮುಕ್ಕಾಲು ಗಂಟೆ. ನಿಂಬೆಹಣ್ಣನ್ನ ಇಲ್ಲಿಯವರು ಮೀನು ತೊಳೆಯೋಕೆ ಬಳಸ್ತಾರೆ, ಉಜ್ಜಿ ತೊಳೆದು ನೀರು ಬಸಿದು ಬಟ್ಟೇಲಿ ಒತ್ತಿ ಒಣಗಿಸಿ ಆಮೇಲೆ ಮಸಾಲೆ. ಒದ್ದೆ ಮೀನಿಗೆ ಮಸಾಲೆ ಹಚ್ಚಿದ್ರೆ ಜಾರಿ ತಟ್ಟೆಗೆ ಬರುತ್ತೆ. ಹಿಂಡೋ ನಿಂಬೆ ಊಟದ ತಟ್ಟೆ ಮೇಲೆ ಹಿಂಡಿ.

ನಾನು ಮಾಡೋ ಥರ ಹೇಳ್ತೀನಿ. ಮುಕ್ಕಾಲು ಕೆಜಿ ಸ್ನ್ಯಾಪರ್, ಎರಡೂ ಮಗ್ಗುಲಿಗೆ ಮೂರು ಮೂರು ಕಚ್ಚು, ಮುಳ್ಳು ಮುಟ್ಟೋವರೆಗೆ. ಮಸಾಲೇಲಿ ಸಕ್ಕರೆ ಸೋಯಾ ಎರಡೂ ಬಿಟ್ಟು ಪಿಮೆಂಟೊ ಅರ್ಧಕ್ಕಿಳಿಸಿ (ಮೀನಿಗೆ ಪಿಮೆಂಟೊ ಜಾಸ್ತಿ ಆದ್ರೆ ಹಲ್ಲು ನೋವಿಗೆ ಲವಂಗದೆಣ್ಣೆ ಹಚ್ಚಿದಂಗೆ ಇರುತ್ತೆ, ಅನುಭವದ ಮಾತು), ಎಣ್ಣೆ ಒಂದು ಸ್ಪೂನ್ ಜಾಸ್ತಿ ಮಾಡಿ ಕಚ್ಚಿನೊಳಗೆ ಬೆರಳಲ್ಲಿ ತುಂಬಿ. ಹೊಟ್ಟೆಯೊಳಗೆ ಥೈಮ್ ಕಡ್ಡಿ, ಈರುಳ್ಳಿ ಸೊಪ್ಪು, ಬೆಂಡೆಕಾಯಿ ಎರಡು, ಸಿಕ್ರೆ ಕಲಲೂ ಸೊಪ್ಪು ಒಂದು ಹಿಡಿ, ಬೆಣ್ಣೆ ಸ್ವಲ್ಪ. ಫಾಯಿಲಲ್ಲಿ ಸುತ್ತಿ ಗ್ರಿಲ್ ಮೇಲೆ ಹದ ಉರಿಗೆ 15 ನಿಮಿಷ, ಆಮೇಲೆ ಫಾಯಿಲ್ ಬಿಚ್ಚಿ ಮುಚ್ಚಳ ಮುಚ್ಚಿ ಐದು ನಿಮಿಷ ಹೊಗೆ ಕುಡಿಸಿ. ತಿರುವೋಕೆ ಹೋಗ್ಲೇಬೇಡಿ. ಕಚ್ಚಿನ ಜಾಗದಲ್ಲಿ ಫೋರ್ಕ್ ತುದಿ ಹಾಕಿ ಲೈಟಾಗಿ ಎತ್ತಿದ್ರೆ ಮಾಂಸ ಮುಳ್ಳು ಬಿಟ್ಟು ಪದರ ಪದರ ಏಳಬೇಕು, ಮುಳ್ಳಿನ ಹತ್ರ ಗಾಜಿನ ಥರ ಹೊಳೀತಾ ಇದ್ರೆ ಇನ್ನೆರಡು ನಿಮಿಷ.

ಯಾವ ಮೀನು ಅನ್ನೋದೂ ಮುಖ್ಯ. ಕಿಂಗ್‌ಫಿಶ್ ತುಂಡು, ಮಾಹಿಮಾಹಿ ಇವು ಗಟ್ಟಿ, ನೇರ ಜಾಲರಿ ಮೇಲೆ ಹಾಕಿದ್ರೂ ಬಿಡಲ್ಲ, ಹೊಸಬರಿಗೆ ಇವೇ ಒಳ್ಳೇದು. ತೆಳು ಫಿಲೆಟ್ ಆದ್ರೆ ಹಸಿ ಮಸಾಲೆ ಬಿಟ್ಟು ಒಣ ಪುಡಿ ಉದುರಿಸಿ ಎಣ್ಣೆ ಬಾಣಲೇಲಿ. ಪ್ಯಾರಟ್‌ಫಿಶ್ ಮಾರ್ತಾರೆ, ರುಚಿಯೂ ಇರುತ್ತೆ, ಆದ್ರೆ ಹವಳದ ದಿಬ್ಬದ ಮೇಲಿನ ಪಾಚಿ ತಿಂದು ದಿಬ್ಬ ಉಳಿಸೋದು ಅದೇ ಮೀನು, ಅದಕ್ಕೆ ನಾನು ತಗೊಳ್ಳಲ್ಲ. ಬದಲಿಗೆ ಲಯನ್‌ಫಿಶ್ ಕೇಳಿ ನೋಡಿ. ಅದು ಈ ಸಮುದ್ರದ್ದಲ್ಲ, ಹಿಂದೂ ಮಹಾಸಾಗರ ಪೆಸಿಫಿಕ್ ಕಡೆಯದು, ಇಲ್ಲಿ ಬಂದು ಸೇರ್ಕೊಂಡು ಮರಿಮೀನೆಲ್ಲ ನುಂಗ್ತಾ ಇದೆ, ಹಿಡಿದು ತಿಂದಷ್ಟೂ ಸಮುದ್ರಕ್ಕೆ ಒಳ್ಳೇದು ಅಂತ ಇಲ್ಲಿ ಪ್ರಚಾರಾನೂ ಮಾಡಿದ್ರು. 18 ವಿಷದ ಮುಳ್ಳು ಇರುತ್ತೆ, ಮಾರೋರೇ ಕತ್ತರೀಲಿ ಕತ್ತರಿಸಿ ಕೊಡ್ತಾರೆ, ವಿಷ ಮುಳ್ಳಲ್ಲಿ ಮಾತ್ರ, ಮಾಂಸದಲ್ಲಿ ಇಲ್ಲ. ಬೆಳ್ಳಗಿನ ಮಾಂಸ, ಜೆರ್ಕ್ ಮಸಾಲೆಗೆ ಹೇಳಿ ಮಾಡಿಸಿದ್ದು. ಮೊದಲ ಸಲ ನಾನೇ ಕ್ಲೀನ್ ಮಾಡ್ತೀನಿ ಅಂತ ಹೋಗಿ ಹೆಬ್ಬೆರಳಿಗೆ ಒಂದು ತಗಲಿಸ್ಕೊಂಡೆ, ಸಾಯಂಕಾಲದವರೆಗೂ ಕೈ ಬಿಸಿನೀರಲ್ಲೇ ಇತ್ತು, ನೋವಿಗೆ ಅದೇ ಮದ್ದು.

ಲಾಬ್‌ಸ್ಟರ್ ಆಸೆ ಇದ್ರೆ ತಿಂಗಳು ನೋಡ್ಕೊಳ್ಳಿ, ಏಪ್ರಿಲ್ 1ರಿಂದ ಜೂನ್ 30ರವರೆಗೆ ಜಮೈಕಾದಲ್ಲಿ ಹಿಡಿಯೋದು ಮಾರೋದು ಎರಡೂ ನಿಷೇಧ.

ಖಾರಕ್ಕೆಸೈ

ಮೇಷ್ಟ್ರೇ ಒಂದು ತಕರಾರು. ರೆಡ್ ಹಿಲ್ಸ್ ರೋಡಿನ ಡ್ರಮ್ ಕೋಳಿ ಜೆರ್ಕೇ ಅಲ್ಲ, ಅದು ಪ್ಯಾನ್ ಚಿಕನ್, ಅಂತ ಕಿಂಗ್‌ಸ್ಟನ್‌ನಲ್ಲೇ ಅರ್ಧ ಜನ ವಾದ ಮಾಡ್ತಾರೆ, ಇದ್ದಿಲು ಬೇರೆ ಪಿಮೆಂಟೊ ಬೇರೆ ಅಂತ. ಹಂಗಾದ್ರೆ ನಮ್ಮ ಬಾಲ್ಕನಿಒಲೆಯವರು ಬೆನ್ನು ಹತ್ತಿರೋ ಘಮ ಪಿಮೆಂಟೊ ಕಟ್ಟಿಗೆದ್ದೇ ಅಲ್ಲ! ಇದ್ದಿಲಿನ ಮೇಲೆ ಕೋಳಿ ಕೊಬ್ಬು ಮಸಾಲೆ ಸಮೇತ ತೊಟ್ಟಿಕ್ಕಿ ಸುಟ್ಟು ಏಳೋ ಹೊಗೆ. ಅದು ಮನೇಲಿ ಮಾಡೋದು ಸುಲಭ, ಚರ್ಮ ತೆಗೀಬೇಡಿ, ಇದ್ದಿಲಿನ ಗ್ರಿಲ್ ತಗೊಳ್ಳಿ, ಮುಚ್ಚಳ ಮುಚ್ಚಿ, ಗ್ಯಾಸಿಗೆ ಕೈ ಮುಗೀರಿ. ಡ್ರಮ್ಮಿಗೂ ಮುಚ್ಚಳ ಇರುತ್ತೆ ಗಮನಿಸಿದೀರಾ, ಹೊಗೆ ಹಿಡಿದಿಡೋಕೇ ಅದು.

ಇನ್ನು ಖಾರ. ಸ್ಕಾಚ್ ಬಾನೆಟ್ ಖಾರ ಅಳೆಯೋ ಸ್ಕೋವಿಲ್ ಲೆಕ್ಕದಲ್ಲಿ 1 ಲಕ್ಷದಿಂದ 3.5 ಲಕ್ಷ, ಹಬನೇರೋ ಮೆಣಸಿನಕಾಯಿಯ ಅಕ್ಕತಂಗಿ. ಅದನ್ನ ಕಡಿಮೆ ಮಾಡಿ ಬೇರೆ ಮೆಣಸಿನಕಾಯಿ ಹಾಕಿದ್ರೆ ಖಾರದ ಜೊತೆ ಆ ಹಣ್ಣಿನ ವಾಸನೆನೂ ಹೋಗುತ್ತೆ. ಬೀಜ, ಒಳಗಿನ ಬಿಳಿ ನಾರು ಪೂರ್ತಿ ಕೆರೆದು ತೆಗೀರಿ, ಖಾರ ಜಾಸ್ತಿ ಇರೋದು ಆ ನಾರಲ್ಲೇ, ಬೀಜಕ್ಕೆ ಸುಮ್ನೆ ಹೆಸರು. ಹಳದಿ ಹಣ್ಣಾಗಿರೋದು ಆರಿಸಿ. ಕೈಗೆ ಗ್ಲೌಸ್. ಹಾಕ್ಕೊಂಡಿಲ್ಲ ಅಂದ್ರೆ ಮೊದಲು ಅಡುಗೆ ಎಣ್ಣೆಲಿ ಕೈ ಉಜ್ಜಿ ಆಮೇಲೆ ಸೋಪು, ಬರೀ ನೀರಿಗೆ ಆ ಖಾರ ಬಿಡಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕೋರಾದ್ರೆ ಅವತ್ತು ಬೇರೆಯವರ ಕೈಲಿ ಅರೆಸಿ.

ಪೋರ್ಟ್‌ಲ್ಯಾಂಡ್_ಮಳೆ

ಪ್ಯಾನ್ ಚಿಕನ್ ವಿಷಯ ಒಪ್ಪಿದೆ. ಪೋರ್ಟ್‌ಲ್ಯಾಂಡಲ್ಲಿ ಅದನ್ನ ಜೆರ್ಕ್ ಅಂದ್ರೆ ಮುಖ ತಿರುಗಿಸ್ತಾರೆ. ಚಿಕ್ಕಪ್ಪನ ಮಗ ಅಂದ್ರಲ್ಲ ಭಟ್ರು, ಅದೂ ಒಪ್ಪಿದೆ. ಮೆಣಸಿನಕಾಯಿಗೆ ಬಾನೆಟ್ ಅಂತ ಹೆಸರು ಬಂದಿದ್ದು ಸ್ಕಾಟ್ಲೆಂಡಿನವರ ಟೋಪಿ ಥರ ಕಾಣುತ್ತೆ ಅಂತ, ತಲೆಕೆಳಗೆ ಹಿಡಿದು ನೋಡಿ.

ಬಾಲ್ಕನಿಒಲೆ

ಎಲ್ರಿಗೂ ದೊಡ್ಡ ನಮಸ್ಕಾರ. ಎರಡು ಭಾನುವಾರ ಪ್ರಯೋಗ ಆಯ್ತು, ವರದಿ ಒಪ್ಪಿಸ್ತೀನಿ.

ಶನಿವಾರ ಕೊರೊನೇಷನ್ ಮಾರ್ಕೆಟ್‌ಗೆ ಹೋದೆ, ಬೆಳಿಗ್ಗೆ ಏಳಕ್ಕೇ ಕಾಲಿಡೋಕೆ ಜಾಗ ಇರ್ಲಿಲ್ಲ. ಪಿಮೆಂಟೊ ಕಾಳು, ಎಲೆ ಎರಡೂ ಒಬ್ಬ ಅಜ್ಜಿ ಹತ್ರ ಸಿಕ್ತು, ಯಾಕೆ ಅಂತ ಕೇಳಿದ್ರು, ಜೆರ್ಕ್ ಮಾಡ್ತೀನಿ ಅಂದೆ, ನನ್ನ ಮುಖ ಒಂದ್ಸಲ ನೋಡಿ ನಕ್ಕು ಥೈಮ್ ಒಂದು ಕಟ್ಟು ಜಾಸ್ತಿ ಹಾಕಿದ್ರು. ಪುಟ್ಟ ಇದ್ದಿಲು ಗ್ರಿಲ್ ತಗೊಂಡೆ, ಫ್ಲಾಟ್ ಬಾಲ್ಕನೀಲಿ ಇದ್ದಿಲು ಹಚ್ಚಂಗಿಲ್ಲ ಅಂತ ಗೊತ್ತಾಗಿ ಕೆಳಗೆ ಅಂಗಳದಲ್ಲಿ ಹಚ್ಚಿದ್ದು, ಹೆಸರು ಬದಲಾಯಿಸ್ಬೇಕು ನಾನು.

ಮೊದಲ ಭಾನುವಾರ ಕೋಳಿ. ಭಟ್ರ ಲೆಕ್ಕದ ಮಸಾಲೆ, ಒಂದು ಬಾನೆಟ್ ಮಾತ್ರ, ನಾರು ತೆಗೆದು. ಕೆಂಡ ಎಡಕ್ಕೆ, ಕೋಳಿ ಬಲಕ್ಕೆ, ಪೊಟ್ಟಣ ಕೆಂಡದ ಮೇಲೆ. ಹತ್ತು ನಿಮಿಷಕ್ಕೆ ಪೊಟ್ಟಣದ ತೂತಿಂದ ತೆಳ್ಳಗೆ ಬಿಳಿ ಹೊಗೆ ಬಂತು ನೋಡಿ, ಮೇಲಿನ ಮನೆಯವರು ಕಿಟಕೀಲಿ ತಲೆ ಹಾಕಿದ್ರು. 50 ನಿಮಿಷಕ್ಕೆ ತೊಡೇಲಿ 79 ಡಿಗ್ರಿ, ಆಮೇಲೆ ಕೆಂಡದ ಮೇಲೆ ಎಳೆದು ಎರಡೆರಡು ನಿಮಿಷ. ಹೆಂಡ್ತಿ ಎರಡನೇ ತುಂಡಿಗೆ ಕೈ ಹಾಕಿದ್ಳು, ಮೊಸರು ಫ್ರಿಜ್ಜಲ್ಲೇ ಇತ್ತು.

ಎರಡನೇ ಭಾನುವಾರ ಮೀನು ಮತ್ತೆ ಹಂದಿ. ಮೀನಿನಮುಳ್ಳು ಮೇಡಂ ಹೇಳಿದ ಹಂಗೇ ಸ್ನ್ಯಾಪರ್, 25 ನಿಮಿಷ ನೆನೆಸಿದ್ದು, ಬೆಂಡೆಕಾಯಿ ಸಮೇತ. ಫಾಯಿಲ್ ಬಿಚ್ಚಿದಾಗ ಬಂದ ಹಬೆಯಲ್ಲಿ ಥೈಮ್ ಮೊದಲು, ಖಾರ ಆಮೇಲೆ. ಮಾಂಸ ಪದರ ಪದರವಾಗೇ ಎದ್ದಿತು. ಹಂದಿ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ, ಮೂರು ಗಂಟೆ ಬಿಟ್ರೂ ಒಳಗೆ 70 ಡಿಗ್ರಿ ಹತ್ರ ಬಂದು ಒಂದು ಗಂಟೆ ಅಲ್ಲಾಡ್ಲೇ ಇಲ್ಲ, ಹಸಿವು ತಡೀಲಾರ್ದೆ ತೆಗೆದುಬಿಟ್ಟೆ, ರುಚಿ ಇತ್ತು ಆದ್ರೆ ರಬ್ಬರ್ ಥರ. ಓವನ್ ಕೆಟ್ಟಿದ್ಯಾ? ಮತ್ತೆ ಪಕ್ಕಕ್ಕೆ ಏನು ಬಡಿಸ್ಲಿ, ಅನ್ನ ಸಾಕಾ?

ಹಡಗಿನಭಟ್ಟ

ಓವನ್ ಸರಿಯಾಗೇ ಇದೆ ಸರ್. ದೊಡ್ಡ ತುಂಡು ಹಂಗೇ, 65-75ರ ಮಧ್ಯ ಎಲ್ಲೋ ಹಠ ಹಿಡಿದು ಕೂತ್ಬಿಡುತ್ತೆ, ಮಾಂಸದ ನೀರು ಮೇಲೆ ಬಂದು ಆವಿ ಆಗ್ತಾ ಇರುತ್ತಲ್ಲ, ನಮಗೆ ಬೆವರು ಬಂದ್ರೆ ಮೈ ತಣ್ಣಗಾದಂಗೆ ಅದೂ ತಣ್ಣಗಾಗ್ತಾ ಇರುತ್ತೆ. ನೀವು ಮುಚ್ಚಿದ್ದು ಸಡಿಲ ಇತ್ತು ಅನ್ಸುತ್ತೆ. ಫಾಯಿಲ್ ಬಿಗಿಯಾಗಿ ಸುತ್ತಿ ವಾಪಸ್ ಒಳಗಿಡಿ, ಆಮೇಲೆ ತಾನಾಗೇ ಏರುತ್ತೆ. ಗಡಿಯಾರ ನೋಡ್ಬೇಡಿ, 90 ನೋಡಿ. ಊಟದ ದಿನ ಬೆಳಿಗ್ಗೆ ಎಂಟಕ್ಕೇ ಒಳಗೆ ಹಾಕಿ, ಬೇಗ ಆದ್ರೆ ಟವೆಲ್ಲಲ್ಲಿ ಸುತ್ತಿ ಖಾಲಿ ಐಸ್ ಬಾಕ್ಸಲ್ಲಿ ಮುಚ್ಚಿಡಿ, ಎರಡು ಗಂಟೆ ಬಿಸಿ ಆರಲ್ಲ. ಬಡಿಸೋಕೆ ಮುಂಚೆ ಐದು ನಿಮಿಷ ಇದ್ದಿಲಿನ ಮೇಲೆ ಹೊಗೆ ತೋರಿಸಿ ಕೊಚ್ಚಿ.

ಮೀನಿನಮುಳ್ಳು

ಅನ್ನ ಅಂದ್ರೆ ರೈಸ್ ಅಂಡ್ ಪೀಸ್ ಮಾಡಿ, ತೆಂಗಿನಹಾಲಲ್ಲಿ ರಾಜ್ಮಾ ಕಾಳು ಹಾಕಿ ಥೈಮ್ ಜೊತೆ ಬೇಯಿಸೋದು, ಮೇಲೆ ಇಡೀ ಸ್ಕಾಚ್ ಬಾನೆಟ್ ಒಂದು ತೇಲಿಬಿಡಿ, ಒಡೆಯೋಕೆ ಬಿಡ್ಬೇಡಿ, ಒಡೆದ್ರೆ ಊಟ ಅಲ್ಲ ಪರೀಕ್ಷೆ ಆಗುತ್ತೆ. ಮೀನಿಗೆ ಬ್ಯಾಮಿ, ಮರಗೆಣಸಿನ ರೊಟ್ಟಿ, ಅಂಗಡೀಲೇ ಸಿಗುತ್ತೆ, ತೆಂಗಿನಹಾಲಲ್ಲಿ ನೆನೆಸಿ ಎರಡೂ ಕಡೆ ಕೆಂಪಗೆ ಕರೀರಿ. ಹಂದಿಗೆ ಫೆಸ್ಟಿವಲ್, ಮೆಕ್ಕೆಜೋಳದ ಹಿಟ್ಟು ಮೈದಾ ಸಕ್ಕರೆ ಕಲಸಿ ಉದ್ದಕ್ಕೆ ಹೊಸೆದು ಕರಿಯೋದು, ಆ ಸಿಹಿ ಖಾರಕ್ಕೆ ಜೊತೆ.

ಮತ್ತೆ ಮೊಸರು ಇರ್ಲಿ ಫ್ರಿಜ್ಜಲ್ಲಿ, ನಿಮಗಲ್ಲ, ಕಾಳಿನ ಪಾತ್ರೆ ಕದಡೋವಾಗ ಆ ಬಾನೆಟ್ ಒಡೆದ್ರೆ ಬೇಕಾಗುತ್ತೆ.